ಕೆರೆದಷ್ಟೂ ಹೆಚ್ಚುವ ಐಪ್ಟೇಸಿಯಾ: ರೀಫ್ ಟ್ಯಾಂಕಿನ ಕಳೆ ಅನಿಮೊನಿಗೆ ಏನು ಮಾಡಬೇಕು?

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯಲ್ಲಿ 200 ಲೀಟರಿನ ಒಂದು ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಇದೆ. ಶುರು ಮಾಡಿ 14 ತಿಂಗಳಾಯಿತು. ಒಂದು ಜೋಡಿ ಕ್ಲೌನ್ ಮೀನು, ಒಂದು ಸಿಕ್ಸ್‌ಲೈನ್ ರಾಸ್ ಮೀನು, ಒಂದು ಕ್ಲೀನರ್ ಸೀಗಡಿ ಇವೆ. ಹವಳಗಳಲ್ಲಿ ಝೋವಾಂಥಿಡ್, ಮಶ್ರೂಮ್ ಮತ್ತು ಒಂದು ಲೆದರ್. ಆರು ತಿಂಗಳ ಹಿಂದೆ ತಂದ ಝೋವಾಂಥಿಡ್‌ನ ಫ್ರ್ಯಾಗ್ (ಬೆಳೆಸಲು ಮಾರುವ ಹವಳದ ತುಂಡು) ಜೊತೆ ಕಂದು ಬಣ್ಣದ ಪುಟ್ಟ ಅನಿಮೊನಿಯೊಂದು (ಕುಟುಕುವ ಎಳೆಗಳಿರುವ ಕಡಲ ಪ್ರಾಣಿ) ಬಂತು. ಚೆನ್ನಾಗಿ ಕಂಡಿತು, ಬಿಟ್ಟೆ. ಮೂರಾದಾಗ ಬ್ಲೇಡಿನಿಂದ ಕೆರೆದು ತೆಗೆದೆ. ಈಗ ನಲವತ್ತರ ಹತ್ತಿರ ಇವೆ, ಸಂಪ್‌ನಲ್ಲೂ (ಟ್ಯಾಂಕಿನ ಕೆಳಗಿರುವ ಫಿಲ್ಟರ್ ತೊಟ್ಟಿ) ಹಬ್ಬಿವೆ. ಬೆರಳು ಹತ್ತಿರ ತಂದರೆ ಸರಕ್ಕನೆ ಕಲ್ಲಿನ ತೂತಿನೊಳಗೆ ಸೇರಿಕೊಳ್ಳುತ್ತವೆ. ಮೀನುಗಳಿಗೆ ದಿನಕ್ಕೆ ಮೂರು ಸಲ ಫ್ರೋಝನ್ ಆಹಾರ ಹಾಕುತ್ತೇನೆ. ನಿಂಬೆರಸ ಚುಚ್ಚಬಹುದಾ? ಕಾಪರ್‌ಬ್ಯಾಂಡ್ ಮೀನು ತಂದರೆ ತಿನ್ನುತ್ತದಾ? ಅಥವಾ ಕಲ್ಲುಗಳನ್ನೆಲ್ಲ ತೆಗೆದು ಕುದಿಸಿಬಿಡಲಾ? ಎರಡು ಫೋಟೋ ಕಳಿಸಿದ್ದೇನೆ.

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಕಲ್ಲು ಕುದಿಸಬೇಡಿ. ಕುದಿಯುವ ನೀರನ್ನು ಅದರ ಮೇಲೆ ಸುರಿಯುವುದೂ ಬೇಡ, ಮೈಕ್ರೋವೇವ್‌ನಲ್ಲಿ ಇಡುವುದೂ ಬೇಡ, ಬ್ರಶ್ ಹಾಕಿ ಉಜ್ಜುವುದೂ ಬೇಡ. ಇದು ಟ್ಯಾಂಕಿನ ಮಾತಲ್ಲ, ನಿಮ್ಮ ಮನೆಯವರ ಜೀವದ ಮಾತು.

ನಿಮ್ಮ ಟ್ಯಾಂಕಿನಲ್ಲಿ ಝೋವಾಂಥಿಡ್, ಅಂದರೆ ಸಾಕುವವರ ಮಾತಲ್ಲಿ ಝೋವಾ, ಇದೆ. ಆ ಗುಂಪಿನ ಕೆಲವು ಹವಳಗಳಲ್ಲಿ, ಅದರಲ್ಲೂ ಪ್ಯಾಲಿಥೋವಾ ಜಾತಿಗಳಲ್ಲಿ, ಪ್ಯಾಲಿಟಾಕ್ಸಿನ್ ಎಂಬ ವಿಷ ಇರುತ್ತದೆ. ಪ್ರಾಣಿಗಳಲ್ಲಿ ಸಿಗುವ ಅತ್ಯಂತ ಕಟುವಾದ ವಿಷಗಳಲ್ಲಿ ಇದೂ ಒಂದು. ಕುದಿಸಿದರೆ ಅದು ಹಾಳಾಗುವುದಿಲ್ಲ. ಹಬೆಯ ಜೊತೆ ಸಣ್ಣ ಹನಿಗಳಾಗಿ ಮೇಲೆದ್ದು ಮನೆಯವರೆಲ್ಲರ ಉಸಿರಿಗೆ ಸೇರುತ್ತದೆ. ಜ್ವರ, ಕೆಮ್ಮು, ಎದೆನೋವು, ಉಸಿರಾಟದ ಕಷ್ಟ, ಬಾಯಲ್ಲಿ ಲೋಹದ ರುಚಿ ಶುರುವಾಗುತ್ತದೆ. ಅಮೆರಿಕದ ಅಲಾಸ್ಕಾದಲ್ಲಿ 2012ರಿಂದ 2014ರ ನಡುವೆ ಇಂಥ ಪ್ರಕರಣಗಳು ಮನೆಗಳಲ್ಲೂ ಅಕ್ವೇರಿಯಂ ಅಂಗಡಿಯಲ್ಲೂ ಆಗಿ ದಾಖಲಾಗಿವೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಸ್ಟೀವೆಂಟನ್ ಎಂಬ ಊರಿನಲ್ಲಿ, ಟ್ಯಾಂಕಿನಿಂದ ಹವಳ ತೆಗೆದ ಮೇಲೆ ಒಂದು ಕುಟುಂಬ ಆಸ್ಪತ್ರೆ ಸೇರಬೇಕಾಯಿತು. ಝೋವಾ ಅಂಟಿರುವ ಕಲ್ಲನ್ನು ಮುಟ್ಟುವಾಗಲೆಲ್ಲ ಗ್ಲೌಸ್ ಮತ್ತು ಕನ್ನಡಕ ಇರಲಿ. ಕೈಯಲ್ಲಿ ಗಾಯ ಇದ್ದರೆ ಆ ದಿನ ಕೈ ಹಾಕಲೇಬೇಡಿ. ಮುಟ್ಟಿದ ಮೇಲೆ ಮೈ ಸರಿ ಇಲ್ಲ ಅನಿಸಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಝೋವಾಂಥಿಡ್ ಇದೆ ಅನ್ನುವುದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ನೀವಾಗಿ ಹೇಳದಿದ್ದರೆ ಅವರಿಗೆ ಅದು ಹೊಳೆಯುವ ಸಾಧ್ಯತೆ ಕಡಿಮೆ.

ಈಗ ಫೋಟೋಗಳಿಗೆ ಬರೋಣ.

ಮೊದಲ ಫೋಟೋದಲ್ಲಿರುವುದು ಐಪ್ಟೇಸಿಯಾ. ಅನುಮಾನವೇ ಇಲ್ಲ. ಬೆಳಕು ಹಾಯುವಂಥ ಕಂದು ಮೈ, ಉದ್ದನೆಯ ಕಾಂಡ, ಅದರ ತುದಿಯಲ್ಲಿ ಚೂಪಾದ ತೆಳ್ಳನೆ ಎಳೆಗಳು. ಬೆರಳು ಹತ್ತಿರ ತಂದರೆ ಸರಕ್ಕನೆ ಕಲ್ಲಿನ ತೂತಿನೊಳಗೆ ಸೇರಿಕೊಳ್ಳುತ್ತದೆ ಅಂತಲೂ ಬರೆದಿದ್ದೀರಿ. ಅದೇ ಅದರ ಗುರುತು. ಎರಡನೇ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಲೆದರ್ ಹವಳದ ಬುಡದ ಎಡಕ್ಕೆ ಹಸಿರು ಮಿಶ್ರಿತ ಮೂರು ಗಿಡ್ಡ ಅನಿಮೊನಿಗಳಿವೆ. ಕಾಂಡ ಕಾಣುವುದೇ ಇಲ್ಲ. ಎಳೆಗಳು ಮೊಂಡು, ತುದಿ ಸ್ವಲ್ಪ ಉಬ್ಬಿದೆ, ಕೆಲವು ತುದಿಯಲ್ಲಿ ಗುಲಾಬಿ ಛಾಯೆ. ಇವು ಐಪ್ಟೇಸಿಯಾ ಅಲ್ಲ, ಮಜಾನೋ ಎಂಬ ಇನ್ನೊಂದು ಕಳೆ ಅನಿಮೊನಿ. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಐಪ್ಟೇಸಿಯಾ ತಿನ್ನುವ ಪ್ರಾಣಿಗಳು ಸಾಮಾನ್ಯವಾಗಿ ಮಜಾನೋವನ್ನು ಮುಟ್ಟುವುದಿಲ್ಲ. ಎರಡಕ್ಕೂ ಒಂದೇ ಮದ್ದು ಅಂತ ಹೊರಟವರು ತಿಂಗಳುಗಟ್ಟಲೆ ಕಾದು, ಆಮೇಲೆ ಬೇಸತ್ತು ಟ್ಯಾಂಕನ್ನೇ ಮುಚ್ಚುತ್ತಾರೆ.

ಮಜಾನೋವನ್ನು, ಜನ ಇಷ್ಟಪಟ್ಟು ಸಾಕುವ ಬಬಲ್‌ಟಿಪ್ ಅನಿಮೊನಿಯ ಮರಿ ಅಂತ ಹೇಳಿ ಮಾರುವುದೂ ಇದೆ. ಬಬಲ್‌ಟಿಪ್ ಬೇಗ ಅಂಗೈ ಅಗಲಕ್ಕೆ ಬೆಳೆಯುತ್ತದೆ. ಮಜಾನೋ ರೂಪಾಯಿ ನಾಣ್ಯದ ಅಗಲಕ್ಕೇ ಹೆಚ್ಚುಕಡಿಮೆ ನಿಂತುಹೋಗುತ್ತದೆ, ಆದರೆ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು ಏಳುತ್ತದೆ.

ಕೆರೆದ ಮೇಲೆ ಯಾಕೆ ಹೆಚ್ಚಾಯಿತು? ಐಪ್ಟೇಸಿಯಾ ಸಂತಾನ ಬೆಳೆಸಲು ಗಂಡು-ಹೆಣ್ಣು ಸೇರಲೇಬೇಕು ಅಂತಿಲ್ಲ. ಕಲ್ಲಿಗೆ ಅಂಟಿದ ಬುಡದ ಅಂಚಿನಿಂದ ಅಂಗಾಂಶದ ಸಣ್ಣ ಚೂರುಗಳನ್ನು ಅದು ತಾನಾಗಿಯೇ ಬಿಟ್ಟು ಹೋಗುತ್ತದೆ. ಒಂದೊಂದು ಚೂರೂ ಕೆಲವೇ ವಾರಗಳಲ್ಲಿ ಬಾಯಿ, ಎಳೆ ಮೂಡಿ ಹೊಸ ಅನಿಮೊನಿ ಆಗುತ್ತದೆ. ಬ್ಲೇಡ್ ಹಾಕಿದಾಗ ಆ ಕೆಲಸವನ್ನು ನೀವೇ ಅದಕ್ಕೆ ಮಾಡಿಕೊಟ್ಟ ಹಾಗಾಯಿತು. ಮೇಲಿನ ಭಾಗ ಕೈಗೆ ಬಂತು, ಬುಡ ತೂತಿನಲ್ಲೇ ಉಳಿಯಿತು, ಚೂರುಗಳು ಪಂಪಿನ ಹರಿವಿನಲ್ಲಿ ಟ್ಯಾಂಕ್ ತುಂಬ ಹರಡಿದವು. ಸಂಪ್‌ಗೂ ಹಾಗೇ ತಲುಪಿರಬೇಕು. ಗದ್ದೆ ಬದುವಿನ ಗರಿಕೆಯನ್ನು ಮೇಲೆ ಮೇಲೆ ಸವರಿದರೆ ಏನಾಗುತ್ತದೆ ಅಂತ ನಮ್ಮಲ್ಲಿ ಯಾರಿಗೆ ತಾನೆ ಗೊತ್ತಿಲ್ಲ?

ಈ ಗುಣದಿಂದಲೇ ಐಪ್ಟೇಸಿಯಾ ವಿಜ್ಞಾನಿಗಳಿಗೆ ಬಲು ಇಷ್ಟ. ಹವಳ ಮತ್ತು ಅದರೊಳಗಿನ ಪಾಚಿಯ ನಂಟನ್ನು ಅರಿಯಲು ಹವಳವನ್ನೇ ಲ್ಯಾಬ್‌ನಲ್ಲಿ ಬೆಳೆಸುವುದು ಕಷ್ಟ. ಐಪ್ಟೇಸಿಯಾದಲ್ಲೂ ಅಂಥದೇ ಪಾಚಿ ಇದೆ, ಬೆಳೆಸುವುದು ಸುಲಭ. ಸಿಸಿ7 ಅಂತ ಒಂದು ತಳಿ ಇದೆ. ಅದರ ಅನಿಮೊನಿಗಳೆಲ್ಲ ಒಂದೇ ಮೂಲಪ್ರಾಣಿಯಿಂದ ಹೀಗೆ ಚೂರುಚೂರಾಗಿ ಬಂದವು. ಅದರ ಜೀನೋಮ್ (ಪೂರ್ತಿ ಡಿಎನ್‌ಎ ವಿವರ) 2015ರಲ್ಲಿ ಪ್ರಕಟವಾಯಿತು. ಒಂದೇ ಒಂದರಿಂದ ಜಗತ್ತಿನ ಎಷ್ಟೋ ಲ್ಯಾಬ್‌ಗಳು ತುಂಬಿವೆ ಅಂದರೆ, ನಿಮ್ಮ 200 ಲೀಟರ್ ಯಾವ ಲೆಕ್ಕ?

ಅದೇ ಲ್ಯಾಬ್‌ಗಳಿಂದ ನಮಗೆ ಇನ್ನೊಂದು ಮಾತು ಗೊತ್ತಾಗಿದೆ. ಒಳಗಿನ ಪಾಚಿಯನ್ನು ಪೂರ್ತಿ ತೆಗೆದು, ಕತ್ತಲಲ್ಲಿಟ್ಟು, ಬರೀ ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯಂಥ ಜೀವಿಯ ಮರಿಗಳನ್ನು ತಿನ್ನಿಸಿ ಐಪ್ಟೇಸಿಯಾವನ್ನು ವರ್ಷಗಟ್ಟಲೆ ಸಾಕುತ್ತಾರೆ. ಮೈ ಬೆಳ್ಳಗಾಗುತ್ತದೆ, ಅಷ್ಟೆ. ಆದ್ದರಿಂದ ‘ಮೂರು ದಿನ ಲೈಟ್ ಆಫ್ ಮಾಡಿ, ಸತ್ತುಹೋಗುತ್ತೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕಿಂತ ಮೊದಲು ನಿಮ್ಮ ಹವಳಗಳು ಸೊರಗುತ್ತವೆ. ಇನ್ನೂ ಕೆಲವರು ತಾಮ್ರ ಇರುವ ಮೀನಿನ ಔಷಧಿ ಹಾಕಿ ಅನ್ನುತ್ತಾರೆ. ಅದು ನಿಮ್ಮ ಸೀಗಡಿಯನ್ನೂ ಹವಳವನ್ನೂ ಕೊಲ್ಲುತ್ತದೆ. ತಾಮ್ರ ಕಲ್ಲಿನೊಳಗೆ ಇಳಿದು ಕೂತರೆ ಮುಂದೆಯೂ ಆ ಟ್ಯಾಂಕಿನಲ್ಲಿ ಸೀಗಡಿ ಬದುಕುವುದು ಕಷ್ಟ.

ಹಾಗಾದರೆ ಗುರಿ ಏನು? ಐಪ್ಟೇಸಿಯಾವನ್ನು ಗಾಯ ಮಾಡಬಾರದು. ಒಂದೋ ಇಡಿಯಾಗಿ ಕೊಲ್ಲಬೇಕು, ಇಲ್ಲ ಇಡಿಯಾಗಿ ತಿನ್ನಿಸಬೇಕು. ಅರ್ಧಕ್ಕೆ ಬಿಡುವುದಾದರೆ ಮುಟ್ಟದೆ ಇರುವುದೇ ವಾಸಿ.

ನಿಂಬೆರಸದ ಬಗ್ಗೆ ಕೇಳಿದ್ದೀರಿ. ಆಮ್ಲ ಅದನ್ನು ಸುಡುತ್ತದೆ ಅನ್ನುವುದು ನಿಜ. ಆದರೆ ಸೂಜಿ ತಾಗಿದ ತಕ್ಷಣ ಅದು ಒಳಗೆ ಎಳೆದುಕೊಳ್ಳುತ್ತದೆ, ರಸ ಹೊರಗೆ ಚೆಲ್ಲುತ್ತದೆ, ಪಕ್ಕದ ಝೋವಾ ಮುದುಡುತ್ತದೆ. ಚುಚ್ಚಿದಾಗ ಬಿಳಿ ದಾರದಂಥ ಎಳೆಗಳನ್ನು ಹೊರಗೆ ಉಗುಳುವುದನ್ನು ನೀವೂ ನೋಡಿರಬಹುದು. ಅವು ಕುಟುಕುವ ಕೋಶಗಳು ತುಂಬಿದ ದಾರಗಳು, ಅದರ ರಕ್ಷಣೆಯ ಆಯುಧ. ಅಕ್ಕಪಕ್ಕದ ಹವಳಕ್ಕೆ ತಗುಲಿದರೆ ಅಲ್ಲಿ ಸುಟ್ಟ ಗಾಯ ಆಗುತ್ತದೆ. ಸೂಜಿ ಸರಿಯಾಗಿ ಬುಡದವರೆಗೆ ಹೋದರೆ ಮಾತ್ರ ನಿಂಬೆರಸ ಕೆಲಸ ಮಾಡುತ್ತದೆ. ತೂತಿನೊಳಗಿರುವ ಪ್ರಾಣಿಯ ಬುಡ ನಿಮಗೆ ಕಾಣುವುದೇ ಇಲ್ಲವಲ್ಲ.

ನಾನು ಇಷ್ಟಪಡುವುದು ಸುಣ್ಣ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ರೀಫ್ ಸಾಕುವವರು ಕಾಲ್ಕ್‌ವಾಸರ್ ಪೌಡರ್ ಅಂತ ಕೊಳ್ಳುವುದೂ ಇದನ್ನೇ. ಹಾಗಂತ ಎಲೆ-ಅಡಿಕೆಯ ಸುಣ್ಣದ ಡಬ್ಬಿಗೆ ಕೈ ಹಾಕಬೇಡಿ, ಗೋಡೆಗೆ ಬಳಿಯುವ ಸುಣ್ಣವೂ ಬೇಡ. ಅವುಗಳಲ್ಲಿ ಬೇರೆ ಏನೇನು ಸೇರಿರುತ್ತದೋ ಹೇಳಲಾಗದು. ಫುಡ್ ಗ್ರೇಡ್ ಅಥವಾ ಲ್ಯಾಬ್ ಗ್ರೇಡ್ ಅಂತ ಬರೆದಿರುವ ಒಣ ಪುಡಿಯನ್ನೇ ತನ್ನಿ. ಐಪ್ಟೇಸಿಯಾ-ಎಕ್ಸ್‌ನಂಥ ರೆಡಿಮೇಡ್ ದ್ರವಗಳೂ ಚೆನ್ನಾಗಿ ಕೆಲಸ ಮಾಡುತ್ತವೆ. ಅನಿಮೊನಿ ಅದನ್ನು ಆಹಾರ ಅಂತ ನುಂಗುತ್ತದೆ, ಒಳಗಿನಿಂದ ಸಾಯುತ್ತದೆ. ಸಿಕ್ಕರೆ ಅದನ್ನೇ ಬಳಸಿ. ಬೆಲೆ ಜಾಸ್ತಿ ಅನಿಸಿದರೆ ಸುಣ್ಣ ಏನೂ ಕಡಿಮೆ ಇಲ್ಲ.

ಮಾಡುವ ಕ್ರಮ ಹೀಗೆ. ಎರಡು ಚಮಚ ಪುಡಿಗೆ ಆರ್‌ಒ ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ ಕಲಸಿ. ಸಿರಿಂಜಿನ ಬಾಯಿಂದ ಒತ್ತಿದರೆ ಬರಬೇಕು, ಆದರೆ ನೀರಿನಲ್ಲಿ ಚದುರಿ ಮೋಡ ಆಗಬಾರದು, ಅಷ್ಟು ಗಟ್ಟಿ. 5 ಎಂಎಲ್ ಸಿರಿಂಜ್ ತೆಗೆದುಕೊಂಡು ಸೂಜಿ ಬಿಸಾಡಿ. ತುದಿಗೆ ಗಟ್ಟಿ ಪ್ಲಾಸ್ಟಿಕ್ ನಳಿಕೆ ಸಿಕ್ಕಿಸಿಕೊಂಡರೆ ಕೈ ದೂರ ಇರುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಮಕ್ಕಳು ಹತ್ತಿರ ಇರಬಾರದು.

ರಿಟರ್ನ್ ಪಂಪ್ (ಸಂಪ್‌ನ ನೀರನ್ನು ಮೇಲಕ್ಕೆ ತಳ್ಳುವುದು), ವೇವ್‌ಮೇಕರ್ (ಅಲೆ ಎಬ್ಬಿಸುವುದು) ಎಲ್ಲ ಆಫ್ ಮಾಡಿ. ನೀರು ನಿಲ್ಲಲಿ. ಐಪ್ಟೇಸಿಯಾ ಪೂರ್ತಿ ಅರಳುವವರೆಗೆ ಕಾಯಿರಿ. ಇಲ್ಲಿ ಆತುರ ಬಿದ್ದರೆ ಎಲ್ಲ ಹಾಳು. ನೆರಳು ಬೀಳದ ಹಾಗೆ ಪಕ್ಕದಿಂದ ನಿಧಾನವಾಗಿ ನಳಿಕೆ ತನ್ನಿ. ಎಳೆಗಳ ನಡುವಿನ ಬಾಯಿಯ ಮೇಲೆ ಮೊದಲ ತೊಟ್ಟು ಇಡಿ. ಕೆಲವು ಅದನ್ನು ಊಟ ಅಂತ ಎಳೆಗಳಿಂದ ಬಾಚಿ ನುಂಗುತ್ತವೆ, ಒಳ್ಳೆಯದೇ. ತಕ್ಷಣ ಉಳಿದ ಪೇಸ್ಟನ್ನು ಮೇಲೆ ಹರಡಿ ತೂತಿನ ಬಾಯಿಯನ್ನೂ ಮುಚ್ಚಿ. ಒಳಗೆ ಎಳೆದುಕೊಂಡರೂ ಸುಣ್ಣದ ಜೊತೆಗೇ ಎಳೆದುಕೊಳ್ಳಬೇಕು. 15-20 ನಿಮಿಷ ಹಾಗೇ ಬಿಡಿ. ಆಮೇಲೆ ಉಳಿದದ್ದನ್ನು ಸಣ್ಣ ಪೈಪಿನಿಂದ ಹೀರಿ ತೆಗೆದು, ಪಂಪ್ ಹಾಕಿ. ನಿಮ್ಮ ಕ್ಲೌನ್ ಮೀನುಗಳು ಏನೋ ತಿಂಡಿ ಬಂತು ಅಂತ ಓಡಿ ಬರುತ್ತವೆ. ಒಂದು ಕೈಯಲ್ಲಿ ಬಲೆ ಹಿಡಿದು ಅವುಗಳನ್ನು ಆಚೆ ಇಡಿ.

ಒಂದೇ ದಿನ ನಲವತ್ತನ್ನೂ ಮುಗಿಸುತ್ತೇನೆ ಅಂತ ಹೊರಡಬೇಡಿ. ಸುಣ್ಣದ ತಿಳಿನೀರಿನ ಪಿಎಚ್ 12ರ ಮೇಲಿರುತ್ತದೆ, ನಿಮ್ಮ ಟ್ಯಾಂಕಿನದು 8.1ರಿಂದ 8.4. 200 ಲೀಟರಿಗೆ ಒಂದು ಸಲಕ್ಕೆ ಐದಾರು ಸಾಕು. ಮುಗಿದ ಮೇಲೆ ಪಿಎಚ್ ನೋಡಿ, 8.5 ದಾಟಿದ್ದರೆ ಮುಂದಿನ ಸರದಿಯಲ್ಲಿ ಇನ್ನೂ ಕಡಿಮೆ ಮಾಡಿ. ಎರಡು-ಮೂರು ದಿನ ಬಿಟ್ಟು ಮತ್ತೆ ಐದಾರು. ಒಟ್ಟಿಗೆ ಜಾಸ್ತಿ ಕೊಂದರೆ ಕೊಳೆತು ಅಮೋನಿಯಾ ಏರುವ ಭಯವೂ ಇದೆ.

ಮೂರು ಮಜಾನೋಗಳಿಗೂ ಇದೇ ಪೇಸ್ಟ್. ಅವು ತೂತಿಗೆ ಓಡುವುದಿಲ್ಲ, ಇದ್ದಲ್ಲೇ ಮುದುಡುತ್ತವೆ, ಆದ್ದರಿಂದ ಮುಚ್ಚುವುದು ಸುಲಭ. ಸಾಯುವುದು ಮಾತ್ರ ನಿಧಾನ. ಮೊದಲ ಸಲಕ್ಕೆ ಹೋಗದಿದ್ದರೆ ವಾರ ಬಿಟ್ಟು ಮತ್ತೆ ಹಾಕಿ. ಅವು ಇರುವ ಕಲ್ಲಿನ ಅಂಚು ಒಡೆಯುವಂತಿದ್ದರೆ, ಕಲ್ಲನ್ನು ನೀರಿನಿಂದ ಹೊರಗೆ ತೆಗೆದು ಉಳಿ ಇಟ್ಟು ಆ ಚಕ್ಕೆಯನ್ನೇ ಹಾರಿಸಿ. ಅನಿಮೊನಿಯ ಮೇಲಲ್ಲ, ಅದರ ಸುತ್ತಲಿನ ಕಲ್ಲಿನ ಮೇಲೆ ಏಟು ಬೀಳಬೇಕು. ನಿಮ್ಮ ಫೋಟೋದಲ್ಲಿ ಆ ಜಾಗದಲ್ಲಿ ಝೋವಾ ಇಲ್ಲ, ಹಾಗಾಗಿ ಇದನ್ನು ಹೇಳುತ್ತಿದ್ದೇನೆ. ಝೋವಾ ಇರುವ ಕಲ್ಲಿಗೆ ಉಳಿ ಹಾಕುವುದು ಬೇಡವೇ ಬೇಡ. ಮೂರೇ ಇರುವಾಗಲೇ ಈ ಕೆಲಸ ಮುಗಿಸಿ, ಐಪ್ಟೇಸಿಯಾಗಿಂತ ಮೊದಲು. ಯಾಕೆಂದರೆ ಐಪ್ಟೇಸಿಯಾ ತಿನ್ನುವವರು ಸಿಗುತ್ತಾರೆ, ಮಜಾನೋ ತಿನ್ನುವವರು ಸಿಗುವುದು ಕಷ್ಟ.

ಲೇಸರ್ ಮತ್ತು ವಿದ್ಯುತ್ ಕಡ್ಡಿಗಳೂ ಮಾರುಕಟ್ಟೆಯಲ್ಲಿವೆ. ಮನೆಯಲ್ಲಿ ಲೇಸರ್ ಬಳಸುವುದನ್ನು ನಾನು ಒಪ್ಪುವುದಿಲ್ಲ. ಗಾಜಿಗೆ ಬಡಿದು ತಿರುಗಿ ಬಂದರೆ ಕಣ್ಣು ಹೋಗುತ್ತದೆ.

ಇನ್ನು ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನು. ಉದ್ದ ಮೂತಿ, ಬಿಳಿ ಮೈಮೇಲೆ ಕಿತ್ತಳೆ ಪಟ್ಟೆ, ನೋಡಲು ತುಂಬ ಚೆಂದ. ಕೆಲವು ಐಪ್ಟೇಸಿಯಾ ತಿನ್ನುತ್ತವೆ, ಕೆಲವು ತಿರುಗಿಯೂ ನೋಡುವುದಿಲ್ಲ. ಅಂಗಡಿಯಲ್ಲಿ ನಿಂತು ಯಾವುದು ಯಾವುದೆಂದು ಹೇಳಲಾಗದು. ಹಿಡಿದು ತಂದ ಮೀನುಗಳಲ್ಲಿ ಎಷ್ಟೋ ಟ್ಯಾಂಕಿನಲ್ಲಿ ಊಟವನ್ನೇ ಶುರು ಮಾಡುವುದಿಲ್ಲ, ನಿಧಾನವಾಗಿ ಸೊರಗಿ ಸಾಯುತ್ತವೆ. ಅದಕ್ಕೆ ಕಡಿಮೆ ಅಂದರೂ 400 ಲೀಟರ್ ಮೇಲಿನ, ಹಳೆಯ, ಹುಳುಹುಪ್ಪಟೆ ತುಂಬಿದ ಟ್ಯಾಂಕ್ ಬೇಕು. ನಿಮ್ಮದು ಅದರ ಅರ್ಧ. ಐಪ್ಟೇಸಿಯಾ ಮುಗಿದ ಮೇಲೆ ಅದು ಏನು ತಿನ್ನಬೇಕು ಹೇಳಿ? ಮೀನು ಔಷಧಿ ಅಲ್ಲ. ನಿಮ್ಮ ಕಳೆ ಕೀಳಲು ಒಂದು ಜೀವವನ್ನು ತಂದು ಉಪವಾಸ ಕೆಡವಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಬ್ರಿಸಲ್‌ಟೇಲ್ ಫೈಲ್‌ಫಿಶ್ ಸ್ವಲ್ಪ ವಾಸಿ. ಗಾತ್ರ ನಿಮ್ಮ ಟ್ಯಾಂಕಿಗೆ ಒಗ್ಗುತ್ತದೆ, ಬೇರೆ ಆಹಾರವನ್ನೂ ಬೇಗ ಕಲಿಯುತ್ತದೆ. ಆದರೆ ಝೋವಾ ಮತ್ತು ಮಶ್ರೂಮ್ ಕಚ್ಚುವ ಅಭ್ಯಾಸ ಅದಕ್ಕೆ ಇರಬಹುದು. ನಿಮ್ಮ ಟ್ಯಾಂಕಿನ ಸೊಗಸೇ ಝೋವಾಗಳು ಅಲ್ವಾ? ಹಾಗಾಗಿ ನಿಮಗೆ ನಾನು ಇದನ್ನು ಹೇಳುವುದಿಲ್ಲ.

ಐಪ್ಟೇಸಿಯಾ ಬಿಟ್ಟು ಬೇರೇನನ್ನೂ ತಿನ್ನದ ಪ್ರಾಣಿ ಅಂದರೆ ಬರ್ಗಿಯಾ. ಎರಡು-ಮೂರು ಸೆಂಟಿಮೀಟರ್ ಉದ್ದದ, ಚಿಪ್ಪಿಲ್ಲದ ಕಡಲ ಬಸವನಹುಳು. ಬೆನ್ನ ತುಂಬ ಕಂದು-ಬೂದು ಎಳೆಗಳು, ತಲೆಯ ಮೇಲೆ ಎರಡು ಕೋಡು. ರಾತ್ರಿ ಲೈಟ್ ಆರಿದ ಮೇಲೆ ಕಲ್ಲಿನಡಿಯಿಂದ ಹೊರಬರುತ್ತದೆ. ಐಪ್ಟೇಸಿಯಾದ ಕಾಂಡಕ್ಕೆ ಬಾಯಿ ಹಾಕುತ್ತದೆ. ತಿಂದ ಅನಿಮೊನಿಯ ಕುಟುಕುವ ಕೋಶಗಳನ್ನು ಜೀರ್ಣ ಮಾಡದೆ ತನ್ನ ಬೆನ್ನಿನ ಎಳೆಗಳ ತುದಿಗೆ ಸಾಗಿಸಿ, ತನ್ನ ರಕ್ಷಣೆಗೇ ಇಟ್ಟುಕೊಳ್ಳುತ್ತದೆ. ಕೆಂಪು ಟಾರ್ಚಿನ ಬೆಳಕಲ್ಲಿ ಅದು ಊಟ ಮಾಡುವುದನ್ನು ಒಮ್ಮೆಯಾದರೂ ನೋಡಬೇಕು. ಪ್ರತಿಯೊಂದರಲ್ಲೂ ಗಂಡು-ಹೆಣ್ಣು ಎರಡೂ ಅಂಗ ಇರುತ್ತವೆ, ಯಾವ ಎರಡು ಸೇರಿದರೂ ಬಿಳಿ ಸುರುಳಿಯಾಗಿ ಮೊಟ್ಟೆ ಇಡುತ್ತವೆ. ಟ್ಯಾಂಕಿನಲ್ಲೇ ಮರಿಯಾಗಿ ಹೆಚ್ಚುತ್ತವೆ. ಫಲ ಕಾಣಲು ಎರಡು-ಮೂರು ತಿಂಗಳು ಹಿಡಿಯುತ್ತದೆ. ಮೊದಲ ತಿಂಗಳು ಏನೂ ಆಗದ ಹಾಗೆ ಕಾಣುತ್ತದೆ. ಆಮೇಲೆ ಒಂದು ಮೂಲೆ ಖಾಲಿ, ಇನ್ನೊಂದು ಮೂಲೆ ಖಾಲಿ.

ಆದರೆ ನಿಮ್ಮ ಟ್ಯಾಂಕಿನಲ್ಲಿ ಸಿಕ್ಸ್‌ಲೈನ್ ರಾಸ್ ಇದೆ. ಹಗಲೆಲ್ಲ ಕಲ್ಲಿನ ಸಂದಿಸಂದಿಯಲ್ಲಿ ಹುಳು ಹುಡುಕುವುದೇ ಅದರ ಕೆಲಸ. ಬರ್ಗಿಯಾ ಬಿಟ್ಟರೆ ತಿಂದು ಮುಗಿಸುತ್ತದೆ. ದುಡ್ಡೂ ಹೋಯಿತು, ಜೀವವೂ ಹೋಯಿತು. ಸಿಕ್ಸ್‌ಲೈನ್ ಹಿಡಿಯಬೇಕಾದರೆ ಕಲ್ಲೆಲ್ಲ ಕೆಡವಬೇಕು, ಅದು ನಿಮ್ಮ ಝೋವಾಗಳಿಗೂ ನಿಮಗೂ ಒಳ್ಳೆಯದಲ್ಲ.

ಹಾಗಾಗಿ ಮೇಲಿನ ಟ್ಯಾಂಕಿಗೆ ಪೆಪ್ಪರ್‌ಮಿಂಟ್ ಸೀಗಡಿ, ಕೆಳಗಿನ ಸಂಪ್‌ಗೆ ಬರ್ಗಿಯಾ. ನಿಮ್ಮ ಸಂದರ್ಭಕ್ಕೆ ನನ್ನ ಲೆಕ್ಕ ಇದು. ಎರಡನ್ನೂ ಒಂದೇ ಕಡೆ ಬಿಡಬಾರದು, ಈ ಸೀಗಡಿ ಬರ್ಗಿಯಾವನ್ನೂ ಅದರ ಮೊಟ್ಟೆಯನ್ನೂ ತಿನ್ನುತ್ತದೆ. ಸಂಪ್‌ನಲ್ಲಿ ರಾಸ್ ಇಲ್ಲ, ಸೀಗಡಿ ಇಲ್ಲ. ಐದಾರು ಬರ್ಗಿಯಾ ಸಿಕ್ಕರೆ ಅಲ್ಲಿ ನೆಮ್ಮದಿಯಾಗಿ ಬದುಕುತ್ತವೆ. ರಿಟರ್ನ್ ಪಂಪಿನ ಬಾಯಿಗೆ ಸ್ಪಂಜ್ ಕಟ್ಟಿ, ಇಲ್ಲದಿದ್ದರೆ ಹೀರಿ ಪುಡಿ ಮಾಡುತ್ತದೆ. ಬಿಡುವಾಗ ನೀರಿನ ಮೇಲಿಂದ ಸುರಿಯಬೇಡಿ. ಪಂಪ್ ನಿಲ್ಲಿಸಿ, ಪಿಪೆಟ್‌ನಿಂದ ಐಪ್ಟೇಸಿಯಾ ಇರುವ ಕಲ್ಲಿನ ನೆರಳಿನಲ್ಲಿ ಇಳಿಸಿ. ತೇಲಿಕೊಂಡು ಹೋಗಿ ದೊಡ್ಡ ಐಪ್ಟೇಸಿಯಾದ ಎಳೆಗೆ ಸಿಕ್ಕರೆ ಬೇಟೆಗಾರನೇ ಬೇಟೆ ಆಗುತ್ತಾನೆ. ಸಂಪ್‌ನ ಐಪ್ಟೇಸಿಯಾ ಮುಗಿದಾಗ ಬರ್ಗಿಯಾಗಳಿಗೆ ಬೇರೆ ಊಟ ಇರುವುದಿಲ್ಲ. ಆಗ ಅವುಗಳನ್ನು ಹಿಡಿದು, ಇದೇ ಕಷ್ಟದಲ್ಲಿರುವ ಇನ್ನೊಬ್ಬರಿಗೆ ದಾಟಿಸಿ. ಬರ್ಗಿಯಾ ಸಿಗಲೇ ಇಲ್ಲ ಅಂದರೆ ಸಂಪ್‌ನಲ್ಲೂ ಸುಣ್ಣದ ಪೇಸ್ಟೇ ಗತಿ. ಅಲ್ಲಿ ಹವಳ ಇಲ್ಲದ ಕಾರಣ ಕೆಲಸ ಸಲೀಸು.

ಪೆಪ್ಪರ್‌ಮಿಂಟ್ ಸೀಗಡಿ ಕೊಳ್ಳುವಾಗ ಕಣ್ಣು ತೆರೆದು ನೋಡಿ. ಐಪ್ಟೇಸಿಯಾ ತಿನ್ನುವುದರಲ್ಲಿ ಹೆಸರು ಮಾಡಿದ್ದು ಅಟ್ಲಾಂಟಿಕ್ ಕಡೆಯ ಲಿಸ್ಮಾಟಾ ಜಾತಿಗಳು, ಅದರಲ್ಲೂ ಲಿಸ್ಮಾಟಾ ವುರ್ಡೆಮನ್ನಿ ಮತ್ತು ಅದರ ಹತ್ತಿರದ ನೆಂಟರು. ಮೈ ಗಾಜಿನ ಹಾಗೆ, ಅದರ ಮೇಲೆ ತೆಳ್ಳನೆ ಕೆಂಪು ಗೆರೆಗಳು, ಬೆನ್ನು ಹೆಚ್ಚು ಗೂನಾಗಿರುವುದಿಲ್ಲ. ಕ್ಯಾಮೆಲ್ ಸೀಗಡಿಯನ್ನೂ ಇದೇ ಹೆಸರಲ್ಲಿ ಮಾರುತ್ತಾರೆ. ಅದಕ್ಕೆ ಎದ್ದು ಕಾಣುವ ಗೂನು ಬೆನ್ನು, ಕೆಂಪಿನ ನಡುವೆ ದಪ್ಪ ಬಿಳಿ ಪಟ್ಟಿ ಮತ್ತು ಚುಕ್ಕಿ, ದೊಡ್ಡ ಕಣ್ಣು. ಅದು ನಿಮ್ಮ ಝೋವಾ ಮತ್ತು ಮಶ್ರೂಮ್‌ಗಳನ್ನೇ ಕಿತ್ತು ತಿನ್ನಬಹುದು. ಗೂನು ಕಂಡರೆ ಬೇಡ ಅಂತ ಹೇಳಿ ಬನ್ನಿ.

ನಾಲ್ಕೈದು ತನ್ನಿ. ಉಪ್ಪಿನಂಶದ ಏರುಪೇರು ಸೀಗಡಿಗಳಿಗೆ ಆಗುವುದಿಲ್ಲ, ಆದ್ದರಿಂದ ಒಂದು ಗಂಟೆಯಾದರೂ ಹನಿಹನಿಯಾಗಿ ಟ್ಯಾಂಕಿನ ನೀರು ಬಿಟ್ಟು ಒಗ್ಗಿಸಿ. ಲೈಟ್ ಆರಿದ ಮೇಲೆ ಬಿಟ್ಟರೆ ರಾಸ್‌ನ ಕಾಟ ಕಡಿಮೆ. ಪೊರೆ ಕಳಚುವ ಹೊತ್ತಿನಲ್ಲಿ ಸಿಕ್ಸ್‌ಲೈನ್ ಅವುಗಳ ಮೇಲೆ ಬೀಳಬಹುದು, ಹಾಗಾಗಿ ಅಡಗಲು ಸಂದಿಗಳಿರುವ ಕಲ್ಲಿನ ಹತ್ತಿರವೇ ಬಿಡಿ. ಈ ಸೀಗಡಿಗಳು ಸಣ್ಣ ಐಪ್ಟೇಸಿಯಾವನ್ನು ಮಾತ್ರ ಧೈರ್ಯವಾಗಿ ತಿನ್ನುತ್ತವೆ. ಎರಡು-ಮೂರು ಸೆಂಟಿಮೀಟರ್ ದಾಟಿದ್ದನ್ನು ಕಂಡರೆ ದೂರ ಸರಿಯುತ್ತವೆ. ಅದಕ್ಕೇ ದೊಡ್ಡವನ್ನು ನೀವು ಸುಣ್ಣ ಹಾಕಿ ಮುಗಿಸಿ, ಚೂರಿನಿಂದ ಏಳುವ ಮರಿಗಳನ್ನು ಅವು ನೋಡಿಕೊಳ್ಳಲಿ. ಇನ್ನೊಂದು ಮಾತು: ಹೊಟ್ಟೆ ತುಂಬಿದ ಸೀಗಡಿ ಐಪ್ಟೇಸಿಯಾ ಕಡೆ ಹೋಗುವುದಿಲ್ಲ. ಮೀನಿಗೆ ಹಾಕಿದ ಮೈಸಿಸ್ (ಆಹಾರವಾಗಿ ಹಾಕುವ ಪುಟ್ಟ ಸೀಗಡಿ) ಕಲ್ಲಿನ ಮೇಲೆ ಬಿದ್ದಿರುತ್ತದಲ್ಲ, ಅದನ್ನೇ ತಿಂದುಕೊಂಡು ಸುಮ್ನೆ ಇರುತ್ತದೆ.

ಊಟದ ಅಳತೆ ಇಲ್ಲಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಹೆಚ್ಚಾದ ಆಹಾರ ಸೀಗಡಿಯನ್ನು ಸೋಮಾರಿ ಮಾಡುತ್ತದೆ, ಜೊತೆಗೆ ಐಪ್ಟೇಸಿಯಾವನ್ನು ನೇರವಾಗಿ ಸಾಕುತ್ತದೆ. ನೀವು ದಿನಕ್ಕೆ ಮೂರು ಸಲ ಫ್ರೋಝನ್ ಹಾಕುತ್ತೇನೆ ಅಂದಿದ್ದೀರಿ. ಎರಡು ಕ್ಲೌನ್, ಒಂದು ರಾಸ್‌ಗೆ ಅದು ಜಾಸ್ತಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದು ಅಥವಾ ಎರಡು ಸಲ ಸಾಕು. ಕರಗಿದ ನೀರನ್ನು ಸೋಸಿ ಚೆಲ್ಲಿ. ಹಾಗಂತ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿ ಐಪ್ಟೇಸಿಯಾವನ್ನು ಉಪವಾಸ ಕೆಡವುತ್ತೇನೆ ಅಂತ ಹೋಗಬೇಡಿ. ಮೊದಲು ಸೊರಗುವುದು ಝೋವಾ. ಮೇಲೆ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಕಂದು ಲೋಳೆ ಬಂದು ಕೂತರೆ ಅದು ಐಪ್ಟೇಸಿಯಾಗಿಂತ ದೊಡ್ಡ ತಲೆನೋವು. ನೈಟ್ರೇಟ್ 5-10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1ರ ಒಳಗೆ ಇದ್ದರೆ ಚೆನ್ನ.

ಇಷ್ಟಾದ ಮೇಲೂ ಯಾವುದಾದರೂ ಒಂದು ಕಲ್ಲು ಪೂರ್ತಿ ಐಪ್ಟೇಸಿಯಾಮಯವಾಗಿ, ಅದರ ಮೇಲೆ ಝೋವಾ ಒಂದೂ ಇಲ್ಲದಿದ್ದರೆ, ಅದನ್ನು ಹೊರಗೆ ತೆಗೆದು ತಾರಸಿಯ ಬಿಸಿಲಲ್ಲಿ ವಾರಗಟ್ಟಲೆ ಒಣಗಿಸಬಹುದು. ಒಮ್ಮೆಗೆ ಒಂದೇ ಕಲ್ಲು. ಟ್ಯಾಂಕಿನ ಕಲ್ಲಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತೆಗೆದರೆ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾವೂ ಹೋಗುತ್ತದೆ. ಹಳೆಯ ಕಲ್ಲು ಬಿಸಾಡಿ ಸಮುದ್ರದ ಹೊಸ ಲೈವ್ ರಾಕ್ (ಜೀವಿಗಳು ತುಂಬಿದ ಹವಳದ ಕಲ್ಲು) ತರುವ ಯೋಚನೆ ಮಾಡಬೇಡಿ. ಕಲ್ಲು ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ ಅವನ್ನು ಕಿತ್ತು ತರುವುದು ಅಪರಾಧ. ಒಣಗಿಸಿದ ನಿಮ್ಮ ಕಲ್ಲನ್ನೇ ತೊಳೆದು, ಬೇರೆ ಬಕೆಟ್‌ನಲ್ಲಿ ಉಪ್ಪುನೀರಲ್ಲಿ ನೆನೆಸಿ, ಅಮೋನಿಯಾ ಇಲ್ಲ ಅಂತ ಟೆಸ್ಟ್ ಮಾಡಿ ಮತ್ತೆ ಇಡಿ.

ಪೂರ್ತಿ ಹೋಗುತ್ತದಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಕಣ್ಣಿಗೆ ಕಾಣುವುದೆಲ್ಲ ಹೋಗುವಂತೆ ಮಾಡಬಹುದು. ಪೈಪಿನೊಳಗೆ, ಓವರ್‌ಫ್ಲೋ ಪೆಟ್ಟಿಗೆಯ ಕತ್ತಲಲ್ಲಿ ಒಂದೆರಡು ಉಳಿಯುವುದು ಸಹಜ. ಅವುಗಳ ಹಿಂದೆ ಬಿದ್ದು ಪೈಪ್ ಬಿಚ್ಚಬೇಡಿ. ಸೀಗಡಿಗಳು ಇರುವ ತನಕ, ಅಲ್ಲಿಂದ ಬರುವ ಚೂರುಗಳು ಮೇಲೆ ಬೇರೂರುವುದು ಕಷ್ಟ. ವಾರಕ್ಕೊಮ್ಮೆ ಗಾಜು ಒರೆಸುವಾಗ ಟಾರ್ಚ್ ಹಿಡಿದು ಕಲ್ಲಿನ ಸಂದಿಗಳನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಂದು ಕಂಡರೆ ಅದೇ ವಾರ ಸುಣ್ಣ.

ಮುಂದೆ ಯಾವ ಫ್ರ್ಯಾಗ್ ತಂದರೂ ನೇರ ಟ್ಯಾಂಕಿಗೆ ಇಳಿಸಬೇಡಿ. ಹೀಟರ್ ಮತ್ತು ಸಣ್ಣ ಪಂಪ್ ಇರುವ ಬೇರೆ ಡಬ್ಬದಲ್ಲಿ ನಾಲ್ಕು ವಾರವಾದರೂ ಇಟ್ಟು, ರಾತ್ರಿ ಒಮ್ಮೆ, ಹಗಲು ಒಮ್ಮೆ ನೋಡುತ್ತಿರಿ. ಹವಳ ಅದ್ದುವ ಡಿಪ್‌ಗಳು ಚಪ್ಪಟೆ ಹುಳುಗಳಿಗೆ ಒಳ್ಳೆಯದು, ಐಪ್ಟೇಸಿಯಾ ಮಾತ್ರ ಅದರಿಂದ ಸಾಯುತ್ತದೆ ಅಂತ ನಂಬುವಂತಿಲ್ಲ. ಐಪ್ಟೇಸಿಯಾ ಹೆಚ್ಚಾಗಿ ಬರುವುದು ಹವಳದ ಮೈಮೇಲಲ್ಲ, ಅದನ್ನು ಅಂಟಿಸಿದ ಪ್ಲಗ್ಗಿನ (ಕಡ್ಡಿ ಇರುವ ಪುಟ್ಟ ಬಿಲ್ಲೆ) ಅಡಿಯಲ್ಲಿ. ಮಶ್ರೂಮ್, ಲೆದರ್‌ನಂಥವನ್ನು ಪ್ಲಗ್ಗಿನಿಂದ ಬಿಡಿಸಿ ಹೊಸ ಪ್ಲಗ್ಗಿಗೆ ಅಂಟಿಸಿ. ಝೋವಾ ಆದರೆ ಅದನ್ನು ಕತ್ತರಿಸಲು ಹೋಗದೆ, ಪ್ಲಗ್ಗಿನ ಕಡ್ಡಿಯನ್ನು ಮಾತ್ರ ಕಟರ್‌ನಿಂದ ತುಂಡರಿಸಿ, ಅಡಿಭಾಗಕ್ಕೆಲ್ಲ ಜೆಲ್ ಅಂಟು ಬಳಿದು ಮುಚ್ಚಿ ಹೊಸ ಪ್ಲಗ್ಗಿನ ಮೇಲೆ ಕೂರಿಸಿ. ಹಳೆಯ ಪ್ಲಗ್ಗಿನ ಚೂರುಗಳು ನೇರ ಕಸದ ಬುಟ್ಟಿಗೆ ಹೋಗಲಿ, ಸಂಪ್‌ನಲ್ಲಿ ಹಾಕಿಡಬೇಡಿ.